‘ಇಶ್ಯೂ’ ಅಂದರೆ ಸಮಸ್ಯೆಯೋ, ಸಂಚಿಕೆಯೋ, ಸಂತಾನವೋ?

ಡೊಂಬಿವಲಿಯಿಂದ ಕೇಳಿದ್ದೀರಿ. ಉಡುಪಿ ಕಡೆಯ ಮನೆತನದ ಆಸ್ತಿಯ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಮಾಡಬೇಕಿದೆ. ‘ಇಶ್ಯೂ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ನಿಘಂಟು ತೆರೆದರೆ ಸಮಸ್ಯೆ, ಸಂಚಿಕೆ, ಸಂತಾನ, ನೀಡಿಕೆ ಎಂದು ಒಂದಕ್ಕೊಂದು ಸಂಬಂಧವೇ ಕಾಣದ ಅರ್ಥಗಳು. ಯಾವುದನ್ನು ಹಾಕಲಿ ಎಂಬುದು ನಿಮ್ಮ ಪ್ರಶ್ನೆ.

ಸಂಬಂಧ ಇದೆ. ಲ್ಯಾಟಿನ್ನಿನ ‘ಎಕ್ಸೀರೆ’, ಅಂದರೆ ‘ಹೊರಗೆ ಹೋಗು’, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಇಶ್ಯೂ’ ಆಯಿತು. ಬಾಗಿಲ ಮೇಲೆ ಬರೆಯುವ ‘ಎಕ್ಸಿಟ್’ ಕೂಡ ಅದೇ ಬೇರಿನದು. ಹೊಟ್ಟೆಯಿಂದ ಹೊರಬಂದದ್ದು ಸಂತಾನ, ಅಚ್ಚುಮನೆಯಿಂದ ಹೊರಬಂದದ್ದು ಸಂಚಿಕೆ, ಗಾಯದಿಂದ ಹೊರಬಂದದ್ದು ಸ್ರಾವ, ಕಚೇರಿಯಿಂದ ಹೊರಟದ್ದು ಆದೇಶ, ಇಬ್ಬರ ವಾದದ ನಡುವಿನಿಂದ ಎದ್ದದ್ದು ವಿವಾದ. ಹಾಗಾಗಿ ಪದ ಎದುರಾದಾಗ ‘ಏನು, ಎಲ್ಲಿಂದ, ಯಾರ ಕಡೆಗೆ ಹೊರಟಿತು’ ಎಂದು ಕೇಳಿಕೊಳ್ಳಿ. ಉತ್ತರದಲ್ಲೇ ಕನ್ನಡದ ಪದ ಸಿಗುತ್ತದೆ.

ನಿಮ್ಮ ಕಾಗದಗಳಲ್ಲಿ ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ‘ಡೈಡ್ ವಿದೌಟ್ ಇಶ್ಯೂ’ ಎಂಬ ಮಾತಿನಲ್ಲಿ. ಯಂತ್ರಾನುವಾದಕ್ಕೆ ಹಾಕಿದರೆ ‘ಸಮಸ್ಯೆಯಿಲ್ಲದೆ ತೀರಿಕೊಂಡರು’ ಎಂದು ಬಂದರೂ ಬಂದೀತು. ಸರಿಯಾದದ್ದು ‘ಸಂತಾನವಿಲ್ಲದೆ ತೀರಿಕೊಂಡರು’. ಇಲ್ಲಿ ‘ಮಕ್ಕಳಿಲ್ಲದೆ’ ಎಂದು ಬರೆಯಬೇಡಿ, ಅರ್ಥ ಕಿರಿದಾಗುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 99ನೇ ಸೆಕ್ಷನ್ ಉಯಿಲಿನ ಪದಗಳನ್ನು ಬಿಡಿಸಿ ಹೇಳುವಾಗ, ‘ಚಿಲ್ಡ್ರನ್’ ಎಂದರೆ ಮೊದಲ ತಲೆಮಾರು ಮಾತ್ರ, ‘ಇಶ್ಯೂ’ ಎಂದರೆ ಆ ವ್ಯಕ್ತಿಯಿಂದ ನೇರ ಇಳಿದುಬಂದ ಎಲ್ಲ ತಲೆಮಾರುಗಳೂ ಎಂದು ಬೇರೆ ಮಾಡುತ್ತದೆ. ಮಗ ಮೊದಲೇ ತೀರಿಹೋಗಿ ಮೊಮ್ಮಗಳು ಮಾತ್ರ ಉಳಿದಿದ್ದರೆ ಆ ಒಂದು ಪದದ ಮೇಲೆ ಪಾಲು ನಿಂತಿರುತ್ತದೆ. ಸಂತಾನ, ಸಂತತಿ ಎರಡೂ ನಡೆಯುತ್ತವೆ. ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ನಿಮ್ಮದು ಅಳಿಯಸಂತಾನದ ಮನೆತನವಾದರೆ ಇನ್ನೂ ಒಂದು ಮಾತು: ಅಲ್ಲಿ ವಂಶ ನಡೆಯುವುದು ಹೆಣ್ಣಿನ ಕಡೆಯಿಂದ. ‘ಕವರು’ (ಕುಟುಂಬದೊಳಗೆ ಒಬ್ಬ ಹೆಣ್ಣಿನಿಂದ ಇಳಿದ ಕವಲು), ‘ಕುಟುಂಬ’ ಎಂಬ ಪದಗಳಿಗೆ ಅಳಿಯಸಂತಾನದ ಕಾನೂನಿನಲ್ಲಿ ತಮ್ಮದೇ ಅರ್ಥ ಇದೆ. ಇಂಗ್ಲಿಷ್ ಕಾಗದದಲ್ಲಿ ಅವು ಹಾಗೇ ಉಳಿದಿದ್ದರೆ ನೀವೂ ಹಾಗೇ ಉಳಿಸಿ, ಬಿಡಿಸಿ ಹೇಳಲು ಹೋಗಬೇಡಿ.

ಅದೇ ಪದ ಬಹುವಚನದಲ್ಲಿ, ‘ಫ್ರೇಮ್’ ಎಂಬುದರ ಜೊತೆ ಬಂದರೆ ಅದು ಕೋರ್ಟಿನದು. ಸಂತಾನದ ಅರ್ಥದಲ್ಲಿ ಇಂಗ್ಲಿಷಿನವರು ಸಾಮಾನ್ಯವಾಗಿ ಬಹುವಚನ ಹಚ್ಚುವುದಿಲ್ಲ, ಗುರುತಿಗೆ ಇದು ನೆರವಾಗುತ್ತದೆ. ಸಿವಿಲ್ ದಾವೆಯಲ್ಲಿ ಒಬ್ಬರು ಹೌದೆಂದದ್ದನ್ನು ಇನ್ನೊಬ್ಬರು ಅಲ್ಲವೆಂದಾಗ ತೀರ್ಮಾನಕ್ಕೆ ಉಳಿಯುವ ಒಂದೊಂದು ಅಂಶವೂ ‘ಇಶ್ಯೂ’. ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಆರ್ಡರ್ ಇದರದೇ. ಕನ್ನಡ ತೀರ್ಪುಗಳಲ್ಲಿ ಇದಕ್ಕೆ ‘ವಿವಾದಾಂಶ’ ಎನ್ನುತ್ತಾರೆ: ‘ಈ ಕೆಳಗಿನ ವಿವಾದಾಂಶಗಳನ್ನು ರಚಿಸಲಾಗಿದೆ’. ‘ಸಮಸ್ಯೆ’ ಎಂದು ಬರೆದರೆ ಓದುವ ವಕೀಲರಿಗೆ ದಾವೆಯ ಯಾವ ಹಂತವೆಂದೇ ತಿಳಿಯುವುದಿಲ್ಲ.

ಈಗ ‘ಜಾರಿ’. ಮುಂಬಯಿಯ ಕನ್ನಡಿಗರು ಎಡವುವುದು ಇಲ್ಲೇ, ಕಾರಣ ಕಿವಿಗೆ ಬೀಳುವ ಹಿಂದಿ ಮತ್ತು ಮರಾಠಿ. ಅಲ್ಲಿ ‘ಆದೇಶ ಜಾರಿ’ ಎಂದರೆ ಆದೇಶ ಹೊರಬಿತ್ತು ಎಂದು. ನಮ್ಮಲ್ಲಿ ‘ಆದೇಶ ಜಾರಿಗೆ ಬಂತು’ ಎಂದರೆ ಅದು ನಡೆಯತೊಡಗಿತು ಎಂದು. 1ನೇ ತಾರೀಕು ಹೊರಡಿಸಿದ ಆದೇಶ 15ಕ್ಕೆ ಜಾರಿಗೆ ಬರಬಹುದು. ಅನುವಾದದಲ್ಲಿ ಎರಡನ್ನೂ ‘ಜಾರಿ’ ಎಂದರೆ ತಾರೀಕುಗಳೇ ಜಗಳಕ್ಕೆ ನಿಲ್ಲುತ್ತವೆ. ಸಮನ್ಸಿನಲ್ಲಂತೂ ಇನ್ನೂ ಸೂಕ್ಷ್ಮ: ಕೋರ್ಟು ಕಳಿಸಿದ್ದು ಒಂದು ಹೆಜ್ಜೆ, ಪ್ರತಿವಾದಿಯ ಕೈಗೆ ಮುಟ್ಟಿದ್ದು ಇನ್ನೊಂದು. ಕೋರ್ಟಿನ ಕನ್ನಡದಲ್ಲಿ ಎರಡನೆಯದಕ್ಕೇ ‘ಜಾರಿಯಾಗಿದೆ’ ಎನ್ನುತ್ತಾರೆ, ಮುಟ್ಟದಿದ್ದರೆ ‘ಜಾರಿಯಾಗದೆ ವಾಪಸಾಗಿದೆ’ ಎಂದು ಷರಾ ಬೀಳುತ್ತದೆ. ಪತ್ರಿಕೆಗಳು ಕಳಿಸಿದ್ದಕ್ಕೂ ‘ನೋಟಿಸ್ ಜಾರಿ’ ಎಂದು ತಲೆಬರಹ ಕೊಡುತ್ತವೆ, ಸುದ್ದಿಗೆ ಅದು ನಡೆದೀತು. ನಿಮ್ಮ ಕಾಗದದಲ್ಲಿ ಇಶ್ಯೂ ಆದದ್ದಕ್ಕೆ ‘ಹೊರಡಿಸಲಾಗಿದೆ’ ಎಂದೇ ಬರೆಯಿರಿ.

ಹಣದ ವಿಷಯಕ್ಕೆ ಬಂದರೆ, ಚೆಕ್ಕನ್ನು ‘ಬರೆದುಕೊಡುತ್ತಾರೆ’, ಷೇರನ್ನು ‘ನೀಡುತ್ತಾರೆ’, ನೋಟನ್ನು ‘ಚಲಾವಣೆಗೆ ತರುತ್ತಾರೆ’. ಒಂದು 100 ರೂಪಾಯಿ ನೋಟು ಕೈಯಲ್ಲಿ ಹಿಡಿದು ನೋಡಿ. ಹಿಂಬದಿಯ ಭಾಷಾಪಟ್ಟಿಯಲ್ಲಿ 15 ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ನಮ್ಮದು. ಅದು ನಾಸಿಕದಲ್ಲೋ ಮೈಸೂರಿನಲ್ಲೋ ಅಚ್ಚಾಗಿರಬಹುದು, ಆದರೆ ಅಚ್ಚಾದದ್ದೇ ಇಶ್ಯೂ ಅಲ್ಲ. ರಿಸರ್ವ್ ಬ್ಯಾಂಕು ಹೊರಗೆ ಬಿಟ್ಟಾಗಲೇ ಅದು ದುಡ್ಡು. ಷೇರಿನಲ್ಲಿ ‘ನೀಡಿಕೆ’ಯನ್ನೂ ‘ಹಂಚಿಕೆ’ಯನ್ನೂ ಬೆರೆಸಬೇಡಿ. ಕಂಪನಿ ಷೇರು ಕೊಡಲು ಮುಂದೆ ಬರುವುದು ನೀಡಿಕೆ, ಅರ್ಜಿ ಹಾಕಿದವರಲ್ಲಿ ಇಂಥವರಿಗೆ ಇಷ್ಟು ಎಂದು ಗೊತ್ತುಮಾಡುವ ಅಲಾಟ್‌ಮೆಂಟ್ ಹಂಚಿಕೆ.

ಪತ್ರಿಕೆಯದಕ್ಕೆ ಸಂಚಿಕೆ. ಮರಾಠಿಯ ‘ದಿವಾಳಿ ಅಂಕ’ ಕೇಳಿ ಕೇಳಿ ‘ಈ ತಿಂಗಳ ಅಂಕ ಬಂತೇ’ ಎನ್ನುವುದು ಇಲ್ಲಿ ಸಹಜ. ಆದರೆ ಊರಿನವರಿಗೆ ಬಿಡಿಯಾದ ‘ಅಂಕ’ ಪರೀಕ್ಷೆಯದು, ಇಲ್ಲವೇ ನಾಟಕದ್ದು. ‘ವಿಶೇಷಾಂಕ’ ಎಂಬ ಸಮಾಸದಲ್ಲಿ ಮಾತ್ರ ಅದು ನಮ್ಮಲ್ಲೂ ಉಳಿದಿದೆ.

ಹೋಟೆಲಿನ ಸ್ಟೋರ್ ಪುಸ್ತಕದಲ್ಲಿ ಇಶ್ಯೂ ಎಂದರೆ ಅಡುಗೆಮನೆಗೆ ಕೊಟ್ಟದ್ದು, ಅಷ್ಟೇ. ಅಕ್ಕಿ 50 ಕಿಲೋ ಬಂದದ್ದು, 12 ಕೊಟ್ಟದ್ದು, 38 ಉಳಿದದ್ದು. ಅಲ್ಲಿ ‘ವಿತರಣೆ’ ಎಂಬ ದೊಡ್ಡ ಪದ ಯಾರಿಗೂ ಬೇಕಿಲ್ಲ.

ಇನ್ನು ‘ಸಮಸ್ಯೆ’. ಆಫೀಸಿನ ಮಾತಿನಲ್ಲಿ ಸರ್ವರ್ ಇಶ್ಯೂ, ನೆಟ್‌ವರ್ಕ್ ಇಶ್ಯೂ ಎನ್ನುವಲ್ಲಿ ‘ತೊಂದರೆ’ ಸಾಕು. ‘ನೋ ಇಶ್ಯೂ’ ಎಂದರೆ ‘ಪರವಾಗಿಲ್ಲ’. ನಾಲ್ಕು ಜನ ಚರ್ಚಿಸಬೇಕಾದದ್ದಾದರೆ ‘ವಿಷಯ’. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ನಿಂತರೆ ‘ತಕರಾರು’, ಆಸ್ತಿ ಕಾಗದಕ್ಕೆ ಇದು ಬಹಳ ಒಗ್ಗುವ ಪದ.

ಕೆಲಸ ಶುರುಮಾಡುವ ಮುಂಚೆ ಎಲ್ಲ ಪುಟಗಳನ್ನೂ ಒಮ್ಮೆ ಓದಿ, ಪ್ರತಿ ‘ಇಶ್ಯೂ’ಗೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಕ್ರಿಯಾಪದವಾಗಿ ಬಂದಿದ್ದರೆ ಕನ್ನಡದಲ್ಲೂ ಕ್ರಿಯಾಪದವನ್ನೇ ಇಡಿ. ‘ನೋಟಿಸಿನ ನೀಡಿಕೆಯನ್ನು ಮಾಡಲಾಯಿತು’ ಎಂದು ಹಿಗ್ಗಿಸದೆ ‘ನೋಟಿಸ್ ಕಳಿಸಲಾಯಿತು’ ಎನ್ನಿ. ಯಾವುದಾದರೂ ಒಂದು ಕಡೆ ಸಂತಾನವೋ ವಿವಾದಾಂಶವೋ ನಿಜಕ್ಕೂ ತಿಳಿಯದಿದ್ದರೆ, ಊಹಿಸಿ ಬರೆಯದೆ ‘ಇಶ್ಯೂ’ ಎಂದೇ ಬಿಟ್ಟು ಅಂಚಿನಲ್ಲಿ ಗುರುತು ಮಾಡಿ, ರಿಜಿಸ್ಟ್ರಿಗೆ ಹೋಗುವ ಮುಂಚೆ ಊರಿನ ವಕೀಲರಿಗೆ ಆ ಸಾಲನ್ನು ತೋರಿಸಿ.