ಪ್ರತಿಕ್ರಿಯೆ: ತ್ರೀಡಿ ಆ್ಯಪ್ ಇದ್ದರೆ ಡಿಸೆಕ್ಷನ್ ಬೇಡವೇ?

ಕುಂಬಳೆಯವರೇ, ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಂಬಿಬಿಎಸ್ ಸೇರಿದ ಮಗಳಿಗೆ ತ್ರೀಡಿ ಅನಾಟಮಿ (ದೇಹರಚನೆ) ಆ್ಯಪ್ ತೆಗೆಸಿಕೊಡಬಹುದೇ, ಅದಿದ್ದರೆ ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನ ಕಷ್ಟ ತಪ್ಪೀತೇ ಎಂದು ಕೇಳಿದ್ದೀರಿ. ತೆಗೆಸಿಕೊಡಿ. ಹಾಲ್ ಮಾತ್ರ ತಪ್ಪುವುದಿಲ್ಲ, ತಪ್ಪಲೂ ಬಾರದು.

ಕೈಯ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್ ನೋಡಿ: ಬೆನ್ನುಹುರಿಯಿಂದ ಹೊರಡುವ, ಕುತ್ತಿಗೆಯ ಸಿ5ರಿಂದ ಎದೆಯ ಟಿ1ರವರೆಗಿನ ಐದು ನರಮೂಲಗಳು ಸೇರಿ, ಕವಲೊಡೆದು, ಮತ್ತೆ ಸೇರಿ ಕೈಗೆ ಇಳಿಯುತ್ತವೆ. ಪುಸ್ತಕದ ಚಿತ್ರದಲ್ಲಿ ಬರೀ ಗೋಜಲು ಮಾರಾಯ್ರೇ! ಪರದೆಯಲ್ಲಿ ಸ್ನಾಯು ಸರಿಸಿ, ತಿರುಗಿಸಿ ನೋಡಿದರೆ ಕಂಕುಳಿನ ರಕ್ತನಾಳದ ಸುತ್ತ ಯಾವುದು ಎಲ್ಲಿದೆ ಎಂದು ತಿಳಿಯುತ್ತದೆ.

ಆದರೆ ಆ್ಯಪ್‌ನ ದೇಹ ಅಚ್ಚಿನಲ್ಲಿ ಎರೆದಂಥದ್ದು. ನಿಜದ ಕೈಯಲ್ಲಿ ಪಾಲ್ಮಾರಿಸ್ ಲಾಂಗಸ್ ಎಂಬ ಮುಂಗೈಯ ಸಪೂರ ಸ್ನಾಯುವೇ ಇಲ್ಲದಿರಬಹುದು. ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಬಗ್ಗಿಸಿ. ಮಣಿಕಟ್ಟಿನ ನಡುವೆ ಅದರ ಸ್ನಾಯುರಜ್ಜು ಎದ್ದು ಕಾಣದವರು ನಿಮ್ಮ ಮನೆಯಲ್ಲೇ ಸಿಕ್ಕಾರು. ಇಂಥದ್ದನ್ನು ಕಲಿಸುವುದು ಹಾಲ್ ಮಾತ್ರ. ಅಂಗಾಂಶದ ಬಿಗಿ, ಕೊಬ್ಬಿನ ನಡುವೆ ನರ ಹುಡುಕುವ ತಾಳ್ಮೆ, ಅದೂ ಅಲ್ಲಿಯದೇ.

ದುಡ್ಡು ಹಾಕುವ ಮೊದಲು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ವಿಸಿಬಲ್ ಹ್ಯೂಮನ್ ಪ್ರಾಜೆಕ್ಟ್ ನೋಡಲಿ, ಉಚಿತ. ಅದರಲ್ಲಿ ನಿಜದ ದೇಹವನ್ನು ಅಡ್ಡಡ್ಡ ಪದರಗಳಾಗಿ ತೆಗೆದ ಚಿತ್ರಗಳಿವೆ; 1994ರ ಪುರುಷ ದೇಹದವು 1 ಮಿಲಿಮೀಟರಿಗೊಂದರಂತಿವೆ. ಮುಂದೆ ಇಂಥದ್ದೇ ಪದರಗಳಲ್ಲಿ ದೇಹ ತೋರಿಸುವ ಸಿಟಿ ಸ್ಕ್ಯಾನ್ ಓದಲು ಕಣ್ಣು ಪಳಗುತ್ತದೆ.

ಕನ್ನಡ ಮಾಧ್ಯಮವೆಂಬ ಹೆದರಿಕೆ ಬೇಡ. ಲ್ಯಾಟಿನ್ ಹೆಸರುಗಳು ಎಲ್ಲರಿಗೂ ಹೊಸತೇ. ಹೆಸರು ಮುಟ್ಟಿದರೆ ಉಚ್ಚರಿಸುವ ಆ್ಯಪ್ ಆದರೆ ಇನ್ನೂ ಒಳ್ಳೆಯದು.