ಮಗ ಸುಮ್ಮನೆ ನಿಂತನೆಂದು ಬೇಸರ ಬೇಡ

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿದೆ. ಆರು ವರ್ಷದ ಮಗ ಸಂಡೇ ಸ್ಕೂಲಿನಲ್ಲಿ ಬೈಬಲಿನ ಕಂಠಪಾಠ ವಾಕ್ಯಗಳನ್ನು ಒಂದೂ ತಪ್ಪಿಲ್ಲದೆ ಹೇಳುತ್ತಾನೆ, ಆದರೆ ಜೊತೆಯಲ್ಲಿ ಆಡುವ ಹುಡುಗ 'ಯೇಸು ಅಂದ್ರೆ ಯಾರು?' ಅಂತ ಕೇಳಿದಾಗ ಬಾಯೇ ಬಿಡಲಿಲ್ಲ, ಇವನಿಗೆ ಸಾಕ್ಷಿ ಹೇಳಲು, ಅಂದರೆ ತನ್ನ ನಂಬಿಕೆಯನ್ನು ಬೇರೆಯವರಿಗೆ ತಿಳಿಸಲು, ಹೇಗೆ ಕಲಿಸಲಿ ಎಂದು ಬರೆದಿದ್ದೀರಿ. ಮಕ್ಕಳ ಪ್ರಸಂಗ ಸ್ಪರ್ಧೆಗೆ ಹೆಸರು ಕೊಡಲೇ ಎಂದೂ ಕೇಳಿದ್ದೀರಿ.

ಅವನ ನಂಬಿಕೆ ಕಡಿಮೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ವಾಕ್ಯ ಒಪ್ಪಿಸುವುದೇ ಬೇರೆ, ಗೆಳೆಯನ ಪ್ರಶ್ನೆಗೆ ಉತ್ತರ ಕೊಡುವುದೇ ಬೇರೆ. ಎರಡನೆಯದಕ್ಕೆ ಸ್ವಂತ ಮಾತು ಬೇಕು, ಅದು ಮಾತಾಡಿ ಮಾತಾಡಿಯೇ ಬರಬೇಕು.

ಕಂಠಪಾಠ ಬೇಡ ಅನ್ನುತ್ತಿಲ್ಲ. ಸಭೆಯ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಸಣ್ಣ ಕ್ಯಾಟೆಕಿಸಮ್ (ಪ್ರಶ್ನೋತ್ತರ ರೂಪದ ಧರ್ಮಬೋಧೆಯ ಪುಸ್ತಕ) ಕೂಡ ಬಾಯಿಪಾಠಕ್ಕೆಂದೇ ಇದ್ದದ್ದು. ಆದರೆ ಅದರಲ್ಲಿ ಒಂದೊಂದು ಆಜ್ಞೆ ಮುಗಿದಾಗಲೂ 'ಇದರ ಅರ್ಥವೇನು?' ಎಂಬ ಪ್ರಶ್ನೆ ಬರುತ್ತದೆ. ಇನ್ನೊಂದು, ಅದನ್ನು ಮನೆಯ ಯಜಮಾನ ತನ್ನ ಮನೆಯವರಿಗೆ ಕಲಿಸಲಿ ಅಂತ ಬರೆದರು. ವಾರಕ್ಕೊಮ್ಮೆ ಸಿಗುವ ಸಂಡೇ ಸ್ಕೂಲ್ ಟೀಚರ್ ಮೇಲೆ ಎಲ್ಲ ಭಾರ ಹಾಕುವುದು ನ್ಯಾಯವಲ್ಲ ಅಲ್ವಾ? ಬೈಬಲಿನ ಧರ್ಮೋಪದೇಶಕಾಂಡ 6:7 ನೋಡಿ: ದೇವರ ಮಾತುಗಳ ಬಗ್ಗೆ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಂದಿಗೆ ಮಾತಾಡಿ ಅನ್ನುತ್ತದೆ. ತನ್ನ ಯುವ ಜೊತೆಗಾರ ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಅಪೊಸ್ತಲ ಪೌಲನು ನೆನೆಯುವುದು ಅವನ ಅಜ್ಜಿ ಲೋವಿಯನ್ನು, ತಾಯಿ ಯೂನೀಕೆಯನ್ನು.

ಹಾಗಾಗಿ ರಾತ್ರಿ ಮಲಗಿಸುವಾಗ ಒಂದೇ ಕಥೆ ಹೇಳಿ. ಮರುದಿನ ಅದನ್ನು ಅವನ ಬಾಯಿಂದ ಹೇಳಿಸಿ, ಮಧ್ಯೆ ತಿದ್ದಬೇಡಿ, ಐದು ರೊಟ್ಟಿ ಎರಡು ಮೀನು ಕೊಟ್ಟ ಹುಡುಗನ ಕಥೆಯಲ್ಲಿ ರೊಟ್ಟಿ ಹತ್ತಾದರೂ ಪರವಾಗಿಲ್ಲ. 'ಆ ಹುಡುಗನಿಗೆ ಕೊಡೋಕೆ ಮನಸ್ಸು ಹೇಗೆ ಬಂತು?' ಅಂತ ಕೇಳಿ, ಆಮೇಲೆ ಸುಮ್ನೆ ಕಾಯಿರಿ. ಅವನು 'ದೇವರು ಯಾಕೆ ಕಾಣಲ್ಲ?' ಅಂತ ಕೇಳಿದರೆ ಗದರಬೇಡಿ, ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದನು. ಪ್ರಾರ್ಥನೆಯನ್ನೂ ಅವನ ಮಾತಿನಲ್ಲೇ ಮಾಡಲಿ, ಎರಡು ಸಾಲಾದರೂ ಸಾಕು. ನೀವು ಅವನ ಮೇಲೆ ರೇಗಿದ ದಿನ ಅವನ ಮುಂದೆಯೇ 'ಸ್ವಾಮಿ, ನನ್ನನ್ನು ಕ್ಷಮಿಸು' ಎಂದು ಪ್ರಾರ್ಥಿಸಿ, ಅವನ ಹತ್ತಿರವೂ ಕ್ಷಮೆ ಕೇಳಿ. ಕ್ಷಮೆ ಅಂದರೇನು ಅಂತ ಮಗುವಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಗೊತ್ತಿಲ್ಲ.

ಇನ್ನು ಬೇರೆಯವರಿಗೆ ಹೇಳುವ ವಿಷಯ. 2 ಅರಸುಗಳು 5ನೇ ಅಧ್ಯಾಯದಲ್ಲಿ, ಕುಷ್ಠರೋಗವಿದ್ದ ಸಿರಿಯಾದ ಸೇನಾಪತಿ ನಾಮಾನನ ಮನೆಯಲ್ಲಿ ಸೆರೆಯಾಗಿದ್ದ ಚಿಕ್ಕ ಹುಡುಗಿಯೊಬ್ಬಳು ಬರುತ್ತಾಳೆ. ಅವಳ ಹೆಸರು ಕೂಡ ಬರೆದಿಲ್ಲ. ನನ್ನ ಧಣಿ ಸಮಾರ್ಯದ ಪ್ರವಾದಿಯ ಹತ್ತಿರ ಹೋಗಿದ್ದರೆ ಕುಷ್ಠ ವಾಸಿಯಾಗುತ್ತಿತ್ತು ಎಂದಳು, ಅಷ್ಟೇ. ತನ್ನನ್ನು ಸೆರೆಹಿಡಿದು ತಂದವರ ಮೇಲೂ ಅವಳಿಗೆ ಕನಿಕರವಿತ್ತು, ಆ ಕನಿಕರದಿಂದಲೇ ಮಾತು ಬಂತು. ನಿಮ್ಮ ಮಗನೂ 'ಯೇಸು ನನ್ನನ್ನು ಪ್ರೀತಿಸ್ತಾನೆ, ನಾನು ಅವನ ಹತ್ತಿರ ಮಾತಾಡ್ತೀನಿ' ಎಂದರೆ ಆ ಗೆಳೆಯನಿಗೆ ಪೂರ್ತಿ ಉತ್ತರ ಸಿಕ್ಕ ಹಾಗೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. 'ನೀನು ನರಕಕ್ಕೆ ಹೋಗ್ತೀಯ' ಅಂತ ಗೆಳೆಯನನ್ನು ಹೆದರಿಸುವುದನ್ನು, ಅವನ ಮನೆಯ ನಂಬಿಕೆಯನ್ನು ಹೀಯಾಳಿಸುವುದನ್ನು ಮಗು ನಮ್ಮಿಂದ ಕಲಿಯಬಾರದು. ಕೇಳಿದವರಿಗೆ ಉತ್ತರ ಕೊಡಿ, ಅದೂ ಮೃದುವಾಗಿ, ಮರ್ಯಾದೆಯಿಂದ ಎನ್ನುತ್ತದೆ 1 ಪೇತ್ರ 3:15. ಗೆಳೆಯನೂ ತನ್ನ ಮನೆಯ ಪ್ರಾರ್ಥನೆಯ ಬಗ್ಗೆ ಹೇಳಲಿ, ಇವನು ಕೇಳಿಸಿಕೊಳ್ಳಲಿ. ಆ ಹುಡುಗನ ತಂದೆತಾಯಿಗೆ ಇಷ್ಟವಿಲ್ಲದಿದ್ದರೆ ಅದನ್ನೂ ಗೌರವಿಸಿ.

ಸ್ಪರ್ಧೆಯ ವಿಷಯ ಅವನನ್ನೇ ಕೇಳಿ. ಬೇಡ ಎಂದರೆ ಒತ್ತಾಯ ಮಾಡಬೇಡಿ, ಮುಂದಿನ ವರ್ಷ ನೋಡೋಣ.

ಸಂಪಾದಕ