ಮಳೆಗಾಲಕ್ಕೆ ಮುಚ್ಚಳ ಕಚ್ಕೊಂಡಿದೆ, ಏನ್ ಮಾಡ್ಲಿ?

ಪ್ರಶ್ನೆ: ಮನೆ ಬಾಗಿಲು ಮಾಡ್ಸಿದಾಗ ಉಳಿದ ಸಾಗುವಾನಿ ತುಂಡಲ್ಲಿ 6 ಇಂಚು ಉದ್ದ 4 ಇಂಚು ಅಗಲದ ಒಂದು ಕುಂಕುಮದ ಕರಡಿಗೆ ಮಾಡಿದ್ದೆ. ಮಾರ್ಚಲ್ಲಿ ಮುಚ್ಚಳ ಗಾಳಿನೂ ಆಡದ ಹಾಗೆ ಕೂತಿತ್ತು, ಜುಲೈಲಿ ನೋಡಿದ್ರೆ ತೆಗೆಯೋಕೇ ಬರ್ತಿಲ್ಲ, ಮೂಲೆ ಎರಡು ಬಾಯಿ ಬಿಟ್ಟಿದೆ. ಮರ ಹಸಿ ಇತ್ತಾ ಅಥ್ವಾ ಅಂಟೇ ಸರಿ ಇಲ್ವಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಮರ ಒಣಗೇ ಇತ್ತು ಬಿಡಿ, ಹಸಿ ಆಗಿದ್ದಿದ್ರೆ ಬೇಸಿಗೇಲೇ ಸೀಳು ಬಿಡ್ತಿತ್ತು. ಎಷ್ಟೇ ಹಳೇ ಮರ ಆದ್ರೂ ನಮ್ಮ ಕಡೆ ಮಳೆಗೆ ತೇವ ಎಳ್ಕೊಳ್ಳತ್ತೆ, ಮರದ ನಾರಿನ ಎಳೆ ಉದ್ದಕ್ಕೆ ಏನೂ ಬೆಳೆಯಲ್ಲ ಅಡ್ಡಕ್ಕೆ ಮಾತ್ರ ಬೆಳೆಯತ್ತೆ, 4 ಇಂಚು ಅಗಲದ ಸಾಗುವಾನಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಹತ್ರ ಹತ್ರ 1 ಎಂಎಂ ವ್ಯತ್ಯಾಸ ಆಗತ್ತೆ. ನೀವು ತಳದ ಹಲಗೇನ ನಾಲ್ಕೂ ಕಡೆ ಅಂಟು ಹಾಕಿ ಕೂರ್ಸಿದೀರಿ ಅನ್ಸತ್ತೆ, ಅದು ಉಬ್ಬಿ ಪಕ್ಕದ ಪಟ್ಟಿಗಳನ್ನ ಹೊರಗೆ ದೂಡಿದೆ, ಮೂಲೆ ಬಿಟ್ಟಿರೋದು ಅದಕ್ಕೇನೇ.

ಮುಚ್ಚಳಾನ ಈಗ್ಲೇ, ಉಬ್ಬಿರೋವಾಗ್ಲೇ ಅಗಲದ ಕಡೆ ಮಾತ್ರ ಹತ್ತರಿ (ಮರ ಕೀಸೋ ಸಾಧನ) ಹೊಡೆದು ಸಲೀಸಾಗಿ ಜಾರೋ ಹಾಗೆ ಮಾಡ್ಕೊಳ್ಳಿ, ಬೇಸಿಗೇಲಿ ಕೂದಲೆಳೆ ಸಂದು ಕಾಣತ್ತೆ, ಕಾಣ್ಲಿ. ತಳ ಬಿಚ್ಚಿ, ಪಟ್ಟಿಗಳ ಒಳಗೆ 3 ಎಂಎಂ ಆಳದ ಗ್ರೂವ್ (ಹಲಗೆ ಅಂಚು ಕೂರೋ ಉದ್ದನೆ ಗೀರು) ಹೊಡೆದು ಹಲಗೇನ ಅದ್ರಲ್ಲಿ ಅಂಟಿಲ್ಲದೆ ಕೂರ್ಸಿ, ಎರಡು ಪಕ್ಕಕ್ಕೂ ಸ್ವಲ್ಪ ಜಾಗ ಬಿಟ್ಟು. ಹಳೇ ಮನೆ ಬಾಗಿಲಿನ ಹಲಗೆಗಳನ್ನ ಚೌಕಟ್ಟಿನೊಳಗೆ ಹೀಗೇ ಸಡಿಲ ಬಿಟ್ಟಿರ್ತಿದ್ರು.

ಮೂಲೆಗೆ ಅಂಟು ಹಾಕೋ ಮುಂಚೆ ಹಳೇ ಅಂಟು ಪೂರ್ತಿ ಕೆರೆದು ಥಿನ್ನರ್ ಬಟ್ಟೇಲಿ ಒರೆಸಿ, ಸಾಗುವಾನೀಲಿ ಎಣ್ಣೆ ಅಂಶ ಇರತ್ತೆ, ಒರೆಸಿ ಒಣಗಿದ ಕೂಡ್ಲೇ ಅಂಟಿಸ್ಬೇಕು, ನಾಳೆ ಅಂತ ಇಟ್ರೆ ಎಣ್ಣೆ ಮತ್ತೆ ಮೇಲೆ ಬರತ್ತೆ. ಮೂಲೇಲಿ ಎಳೆಯ ತುದಿಗೆ ತುದಿ ಸೇರೋದ್ರಿಂದ ಬರೀ ಅಂಟು ನಿಲ್ಲಲ್ಲ, ಒಣಗಿದ್ಮೇಲೆ ಮೂಲೆಗೆ ಅಡ್ಡ ಗರಗಸದಲ್ಲಿ ಒಂದು ಗೀರು ಹಾಕಿ ಅದಕ್ಕೆ ಬೀಟೆ ಚಕ್ಕೆ ತೂರ್ಸಿ ಸಮ ಮಾಡಿ, ಹೊನ್ನಿನ ಬಣ್ಣದ ಸಾಗುವಾನಿ ಮೇಲೆ ಕಪ್ಪು ಗೆರೆ ಎಷ್ಟು ಚಂದ ಕಾಣತ್ತೆ ಅಂದ್ರೆ ನಾನಂತೂ ಬೇರೆ ಡಿಸೈನೇ ಮಾಡಲ್ಲ. ಬೀಟೆ ಧೂಳು ಮೂಗು, ಚರ್ಮಕ್ಕೆ ಆಗಲ್ಲ, ಮಾಸ್ಕ್ ಹಾಕ್ಕೊಳ್ಳಿ. ಚಕ್ಕೆಗೆ ಹಳೇ ಕುರ್ಚಿ ಕಾಲು ಸಾಕು. ಹೊಸ ಮರದ ಆಸೆ ಬೇಡ, ನಿಮ್ಮ ತೋಟದ್ದೇ ಬೀಟೆ ಆದ್ರೂ ಕಡಿಯೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು.

ಪ್ರಶ್ನೆ: ಹಲಸಿನ ಮರದ ಡಬ್ಬಿಯ ಹಳದಿ ಬಣ್ಣ ಹಾಗೇ ಉಳಿಯತ್ತಾ? ಯಾವ ಪಾಲಿಶ್ ಹಾಕ್ಲಿ? (ಸಾಗರದ ಓದುಗರು)

ಉತ್ತರ: ಉಳಿಯಲ್ಲ. ಬೆಳಕು ತಾಗ್ತಾ ತಾಗ್ತಾ ಕಂದು ಆಗತ್ತೆ, ಹಳೇ ವೀಣೆ ನೋಡಿದ್ರೆ ಗೊತ್ತಾಗತ್ತೆ, ನನಗೆ ಆ ಬಣ್ಣಾನೇ ಇಷ್ಟ. ಸ್ಪಿರಿಟಲ್ಲಿ ಕರಗಿಸಿದ ಅರಗಿನ ಪಾಲಿಶ್ ಚೆನ್ನಾಗಿ ಒಪ್ಪತ್ತೆ, ಆದ್ರೆ ಜಡಿ ಮಳೆ ದಿನ ಹಚ್ಚಿದ್ರೆ ಮೇಲೆ ಬಿಳಿ ಮಂಜು ಕಟ್ಟತ್ತೆ, ಬಿಸಿಲು ಬರೋ ತನಕ ಕಾಯಿರಿ. ಒಳಗಡೆಗೆ ಅಗಸೆ ಎಣ್ಣೆ ಮಾತ್ರ ಬೇಡ, ಮುಚ್ಚಿದ ಡಬ್ಬೀಲಿ ಅದ್ರ ವಾಸನೆ ತಿಂಗಳುಗಟ್ಟಲೆ ಹೋಗಲ್ಲ. ಹೊರಗೆ ಆ ಎಣ್ಣೆ ಹಚ್ಚಿದ್ರೂ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಬಿಸಾಡ್ಬೇಡಿ, ತಾನಾಗೇ ಬಿಸಿ ಏರಿ ಬೆಂಕಿ ಹತ್ಕೊಳ್ಳತ್ತೆ, ಅಂಗಳದಲ್ಲಿ ಹರಡಿ ಒಣಗ್ಸಿ.